ಕೊಟ್ಟಿಗೆಗೆ ಬಂದ ಕುಲಾಂತರಿ ಹಿಂಡಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಕೊಟ್ಟಿಗೆಗಳಿಗೆ ಹತ್ತಿಕಾಳು ಹಿಂಡಿ ಹೊಸತಲ್ಲ. 2002ರ ಮಾರ್ಚ್‌ನಲ್ಲಿ ಬಿ.ಟಿ. ಹತ್ತಿಗೆ, ಅಂದರೆ ಕಾಯಿಕೊರಕ ಹುಳುವನ್ನು ತಡೆಯಲು ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಕುಲಾಂತರಿ ಹತ್ತಿಗೆ, ಕೇಂದ್ರದ ಒಪ್ಪಿಗೆ ಸಿಕ್ಕಿತು. ಇಂದು ದೇಶದ ಹತ್ತಿಯಲ್ಲಿ ಶೇ 90ಕ್ಕೂ ಹೆಚ್ಚು ಅದೇ. ಹಿಂಡಿಯೂ ಬಹುಪಾಲು ಅದರದ್ದೇ. 2021ರ ಆಗಸ್ಟ್‌ನಲ್ಲಿ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೂ ಅನುಮತಿ ಬಂತು. ಬಿ.ಟಿ. ಹೊಲದ ಬಗ್ಗೆ ಆದಷ್ಟು ಚರ್ಚೆ ಅದರ ಹಿಂಡಿಯ ಬಗ್ಗೆ ಆಗಲೇ ಇಲ್ಲ. ಆಗಬೇಕಿತ್ತು.

ಇಂಥ ಬೆಳೆ ಸುರಕ್ಷಿತವೇ ಎಂಬ ಪರೀಕ್ಷೆಯ ಬುನಾದಿ 1993ರ ಒಇಸಿಡಿ (ಬಹುಪಾಲು ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಸಂಘಟನೆ) ವರದಿ: ಹೊಸ ಬೆಳೆಯನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಿ. ಸೇರಿಸಿದ ಜೀನ್ ಒಂದನ್ನು ಬಿಟ್ಟು ಉಳಿದೆಲ್ಲ ಒಂದೇ ಆಗಿರುವ ತಳಿಯನ್ನು ಅದೇ ಮಣ್ಣಲ್ಲಿ, ಅದೇ ಹಂಗಾಮಿನಲ್ಲಿ ಬೆಳೆದು ಪ್ರೋಟೀನ್, ಕೊಬ್ಬು, ನಾರು, ಅಮೈನೋ ಆಮ್ಲ ಅಳೆಯಬೇಕು. ಹತ್ತಿಯಾದರೆ ಗಾಸಿಪಾಲ್ ಎಂಬ ಸಹಜ ವಿಷವನ್ನೂ ಅಳೆಯಬೇಕು. ಹೋಲಿಕೆಗೆ ಬೇರೆ ಯಾವುದೋ ತಳಿ ತಂದರೆ ತಳಿಯ ವ್ಯತ್ಯಾಸವೇ ಜೀನಿನ ದೋಷದಂತೆ ಕಾಣುತ್ತದೆ. ಆಮೇಲೆ ಆ ಜೀನಿನಿಂದ ಹುಟ್ಟುವ ಹೊಸ ಪ್ರೋಟೀನ್ ಜಠರದ ಆಮ್ಲದಲ್ಲಿ ಕರಗುತ್ತದೆಯೇ, ಗೊತ್ತಿರುವ ಅಲರ್ಜಿಕಾರಕಗಳನ್ನು ಹೋಲುತ್ತದೆಯೇ ಎಂದು ನೋಡುತ್ತಾರೆ.

ಮುಂದಿನದು ತಿನ್ನಿಸಿ ನೋಡುವುದು. ಇಲಿಗಳಿಗೆ 90 ದಿನ. ಬ್ರಾಯ್ಲರ್ ಮರಿಗಳಿಗೆ 42 ದಿನ. ಮರಿ ಬೇಗ ಬೆಳೆಯುವುದರಿಂದ ಪೋಷಕಾಂಶ ಸ್ವಲ್ಪ ಕಡಿಮೆಯಾದರೂ ತೂಕದಲ್ಲಿ ಗೊತ್ತಾಗುತ್ತದೆ. ಕರೆಯುವ ಹಸುವಿಗೆ ಎರಡೂ ಮೇವನ್ನು ಸರದಿಯಂತೆ ಕೊಡಬಹುದು. ಮೇವು ಬದಲಾದಾಗ ಮೊದಲ ಎರಡು ವಾರದ ಅಳತೆ ಲೆಕ್ಕಕ್ಕಿಲ್ಲ, ಹೊಟ್ಟೆ ಒಗ್ಗಬೇಕಲ್ಲ. ಬಿ.ಟಿ. ಹತ್ತಿಕಾಳು ತಿನ್ನಿಸಿದ ಪ್ರಯೋಗಗಳಲ್ಲಿ ಹಾಲಿನಲ್ಲಿ ಆ ಪ್ರೋಟೀನ್ ಪತ್ತೆಯಾಗಿಲ್ಲ.

2000ದಲ್ಲಿ ಅಮೆರಿಕದಲ್ಲಿ ಜಾನುವಾರಿಗಷ್ಟೇ ಒಪ್ಪಿಗೆ ಪಡೆದಿದ್ದ ಸ್ಟಾರ್‌ಲಿಂಕ್ ಎಂಬ ಕುಲಾಂತರಿ ಮೆಕ್ಕೆಜೋಳ ಜನರ ತಿಂಡಿಯಲ್ಲಿ ಸಿಕ್ಕಿತು. ಮೇವಿನ ಕಾಳು, ಊಟದ ಕಾಳು ಗೋದಾಮಿನಲ್ಲಿ ಬೇರೆಬೇರೆ ಉಳಿಯುವುದಿಲ್ಲ. ಆಮೇಲೆ ಅಲ್ಲಿ ಇಂಥ ಅರ್ಧ ಒಪ್ಪಿಗೆ ಕೊಡುವುದನ್ನೇ ಬಿಟ್ಟರು.

ಇಷ್ಟಾದರೂ ಈ ಪರೀಕ್ಷೆಗಳು ನಮ್ಮ ಆಷಾಢದ ಮಳೆಯನ್ನು ಅಳೆಯುವುದಿಲ್ಲ. ಬಿ.ಟಿ.ಯಾಗಲಿ ನಾಟಿಯಾಗಲಿ, ಥಂಡಿ ಹಿಡಿದ ಹಿಂಡಿಗೆ ಬೂಷ್ಟು ಬಂದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು. ಒಂದೆರಡು ದಿನದಲ್ಲೇ ಹಾಲಿಗೂ ಇಳಿಯುತ್ತದೆ. ಒಣಗಿಸಿದರೂ ಬೇಯಿಸಿದರೂ ಅದು ಹೋಗುವುದಿಲ್ಲ, ಅಂಥ ಹಿಂಡಿ ಎಸೆಯಬೇಕು. ಚೀಲವನ್ನು ಗೋಡೆಗೆ ತಾಗಿಸದೆ ಹಲಗೆಯ ಮೇಲಿಡಿ. ಮಳೆಗಾಲಕ್ಕೆ ಹದಿನೈದು ದಿನಕ್ಕಾಗುವಷ್ಟೇ ತನ್ನಿ. ಎಳೆ ಕರುವಿಗೆ ಹತ್ತಿಕಾಳು ಹಿಂಡಿ ಬೇಡ: ಗಾಸಿಪಾಲನ್ನು ಕಟ್ಟಿಹಾಕುವ ಮೆಲುಕಿನ ಹೊಟ್ಟೆ ಅದಕ್ಕಿನ್ನೂ ಬಲಿತಿರುವುದಿಲ್ಲ.