ದಿಂಬಿನ ಮೇಲೊಂದು ಮುಖ, ಪಕ್ಕದಲ್ಲೊಂದು ಹೂವು

ಪೆನ್ಸಿಲ್ ಭಾವಚಿತ್ರ ಕಲಿಯಲು ಬರುವವರಿಗೆ ಮೊದಲ ದಿನ ನಾನು ಒಂದೇ ಚಿತ್ರ ತೋರಿಸುತ್ತೇನೆ. ಫ್ರಾನ್ಸಿನ ಪಾಲ್ ಸೆಜಾನ್ 1885ರ ಸುಮಾರಿಗೆ ಬರೆದದ್ದು. ಹಾಳೆ 46 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರ, ಅಷ್ಟೇ. ಒಬ್ಬ ಹೆಂಗಸು ದಿಂಬಿಗೆ ತಲೆಯಿಟ್ಟು ನಮ್ಮತ್ತ ನೋಡುತ್ತಿದ್ದಾಳೆ. ಪಕ್ಕದಲ್ಲೇ ಹೈಡ್ರೇಂಜಿಯಾ ಹೂಗೊಂಚಲು. ಎಲೆಗಳಿಗೆ ತೆಳುವಾಗಿ ಹಸಿರು ಬಳಿದಿದ್ದಾನೆ. ಮುಖಕ್ಕೆ ಬರೀ ಪೆನ್ಸಿಲ್.

ಆಕೆ ಓರ್ತಾನ್ಸ್, ಸೆಜಾನ್‌ನ ಸಂಗಾತಿ. ಆ ಹೂವಿಗೆ ಫ್ರೆಂಚಿನಲ್ಲಿ ಓರ್ತಾನ್ಸಿಯಾ ಅಂತಾರೆ. ಎಷ್ಟು ಮುದ್ದಾದ ಗುಟ್ಟು, ಅಲ್ವಾ? ಇಬ್ಬರಿಗೂ 1869ರಿಂದ ಪರಿಚಯ. ಮಗ ಹುಟ್ಟಿದ್ದು 1872ರಲ್ಲಿ. ಅಪ್ಪ ಕೊಡುವ ಹಣ ನಿಂತುಹೋದೀತೆಂದು ಸೆಜಾನ್ ಸಂಸಾರವನ್ನೇ ಮುಚ್ಚಿಟ್ಟಿದ್ದ. ಮದುವೆ ಆದದ್ದು 1886ರಲ್ಲಿ.

ಆಕೆಯ ತೈಲಚಿತ್ರಗಳಲ್ಲಿ ಮುಖ ಸಾಮಾನ್ಯವಾಗಿ ಬಿಗಿದುಕೊಂಡಿರುತ್ತದೆ. ಸೆಜಾನ್ ಎದುರು ಅಲ್ಲಾಡದೆ ಕೂರಬೇಕಿತ್ತು. ಚಿತ್ರಗಳ ವ್ಯಾಪಾರಿ ವೊಲ್ಲಾರ್ ತನ್ನ ಭಾವಚಿತ್ರಕ್ಕಾಗಿ 115 ಸಲ ಕೂತೆ ಎಂದು ಹೇಳಿಕೊಂಡಿದ್ದಾನೆ. ಅಷ್ಟು ಕೂತವರ ಮುಖ ಅರಳುವುದಾದರೂ ಹೇಗೆ? ಪೆನ್ಸಿಲ್‌ಗೆ ಆ ಸಿದ್ಧತೆ ಬೇಡ. ಮನೆಯವರು ಮಲಗಿರುವಾಗ, ಹೊಲಿಗೆ ಹಾಕುತ್ತಿರುವಾಗ, ಸುಮ್ನೆ ಕೈಗೆತ್ತಿಕೊಳ್ಳಬಹುದು. ಈ ಹಾಳೆಯ ಮೆತ್ತನೆ ನೋಟ ಅಲ್ಲಿಂದಲೇ ಬಂದಿದೆ ಅನ್ನುವುದು ನನ್ನ ನಂಬಿಕೆ.

ಸೆಜಾನ್‌ನ ಪೆನ್ಸಿಲ್ ಗೆರೆ ಒಂದೇ ಏಟಿಗೆ ಮುಗಿಯುವುದಿಲ್ಲ. ಒಂದರ ಪಕ್ಕ ಇನ್ನೊಂದು ಬರುತ್ತದೆ, ನಡುವೆ ತುಂಡಾಗುತ್ತದೆ. ಬೆಳಕು ಬೇಕಾದ ಕಡೆ ಕಾಗದವನ್ನು ಹಾಗೇ ಬಿಟ್ಟಿರುತ್ತಾನೆ. ಹೊಸಬರು ಮಾಡುವುದು ಇದಕ್ಕೆ ಪೂರಾ ಉಲ್ಟಾ. ಮೂಗಿನ ಸುತ್ತ ಕಪ್ಪು ಬೇಲಿ ಹಾಕುತ್ತಾರೆ. ಆಮೇಲೆ ನೆರಳನ್ನು ಬೆರಳಿನಿಂದ ತಿಕ್ಕುತ್ತಾರೆ. ತಿಕ್ಕಿದಾಗ ಪೆನ್ಸಿಲ್ ಪುಡಿ ಕಾಗದದ ತರಿಯೊಳಗೆ ತುಂಬಿಕೊಳ್ಳುತ್ತದೆ, ಬಿಳಿ ಉಸಿರಾಡುವುದಿಲ್ಲ. ಕೆನ್ನೆ ಪಾತ್ರೆಯ ಹಾಗೆ ಹೊಳೆಯತೊಡಗುತ್ತದೆ.

ಹಾಗಾಗಿ ಮೊದಲ ವಾರ ನನ್ನ ತರಗತಿಯಲ್ಲಿ ರಬ್ಬರ್ ಇಲ್ಲ. ಒಂದು ಮೆತ್ತನೆ 2ಬಿ ಪೆನ್ಸಿಲ್, ಹತ್ತು ನಿಮಿಷ, ಮನೆಯವರದೇ ಮುಖ. ಹೋದ ತಿಂಗಳು ಒಬ್ಬ ಹುಡುಗಿ ಊಟ ಮುಗಿಸಿ ಒರಗಿದ್ದ ಅಜ್ಜಿಯನ್ನು ಬರೆದು ತಂದಳು. ಹಣೆಯ ಗೆರೆ ಮೂರು ಸಲ ಎಳೆದಿದ್ದಳು. ಒಂದು ಕಿವಿ ಇರಲೇ ಇಲ್ಲ. "ಅಷ್ಟೊತ್ತಿಗೆ ಅಜ್ಜಿ ಎದ್ದುಬಿಟ್ರು ಸರ್, ಮುಗಿಸಿ ಕೊಡ್ಲಾ?" ಅಂದಳು. ಬೇಡ ಅಂದು, ಮೂಲೆಯಲ್ಲಿ ತಾರೀಖು ಬರೆಸಿದೆ.