ಪಾರ್ದು: ಬ್ರೆಜಿಲ್‌ನ ಒಂಬತ್ತು ಕೋಟಿ ಜನ ತಮಗೆ ಕೊಟ್ಟುಕೊಂಡ ಹೆಸರು

2022ರ ಬ್ರೆಜಿಲ್ ಜನಗಣತಿಯಲ್ಲಿ ಲೆಕ್ಕಕ್ಕೆ ಸಿಕ್ಕವರು ಸುಮಾರು 20.3 ಕೋಟಿ ಜನ. ಅವರಲ್ಲಿ 9.2 ಕೋಟಿ ಜನ, ಅಂದರೆ ಶೇ 45.3ರಷ್ಟು ಮಂದಿ, ತಮ್ಮನ್ನು 'ಪಾರ್ದು' ಎಂದು ಬರೆಸಿದರು. ಬಿಳಿಯರು ಶೇ 43.5. ಹೀಗೆ ಪಾರ್ದುಗಳು ದೇಶದ ಅತಿ ದೊಡ್ಡ ಗುಂಪಾದರು. ಸುದ್ದಿಗಳಲ್ಲಿ ಈ ಪದ 'ಪಾರ್ಡೊ' ಎಂದು ಕಾಣುವುದೇ ಜಾಸ್ತಿ. ಬ್ರೆಜಿಲ್‌ನವರ ಬಾಯಲ್ಲಿ ಅದು ಪಾರ್ದು, ಹೆಂಗಸಾದರೆ ಪಾರ್ದಾ.

ಇದನ್ನು ಸಾಮಾನ್ಯವಾಗಿ 'ಮಿಶ್ರ ಜನಾಂಗ' ಎಂದು ಅನುವಾದಿಸುತ್ತಾರೆ. ಅದು ಅರ್ಧ ಮಾತ್ರ ಸರಿ. ಮಿಶ್ರ ಎಂದ ಕೂಡಲೇ ಅಪ್ಪ ಒಂದು ಜನಾಂಗ, ಅಮ್ಮ ಇನ್ನೊಂದು ಎಂಬ ಚಿತ್ರ ಮನಸ್ಸಿಗೆ ಬರುತ್ತದೆ, ಅಲ್ವಾ? ಆದರೆ ಗಣತಿಯಲ್ಲಿ ಈ ಪ್ರಶ್ನೆ ಅಪ್ಪ ಅಮ್ಮನ ಬಗ್ಗೆ ಅಲ್ಲವೇ ಅಲ್ಲ. 'ನಿಮ್ಮ ಬಣ್ಣ ಅಥವಾ ಜನಾಂಗ ಯಾವುದು?' ಎಂದಷ್ಟೇ ಕೇಳುತ್ತಾರೆ. ಉತ್ತರಕ್ಕೆ ಐದು ಆಯ್ಕೆ: ಬ್ರಾಂಕು ಎಂದರೆ ಬಿಳಿ, ಪ್ರೆತು ಎಂದರೆ ಕಪ್ಪು, ಅಮರೆಲು ಎಂದರೆ ಹಳದಿ (ಜಪಾನ್, ಚೀನಾದಂಥ ಏಷ್ಯಾ ಮೂಲದವರು), ಪಾರ್ದು ಎಂದರೆ ಹೆಚ್ಚೂಕಡಿಮೆ ಕಂದು, ಮತ್ತು ಮೂಲನಿವಾಸಿ. ಹೇಳಿದ್ದೇ ಉತ್ತರ. ಗಣತಿಯವರು ಮುಖ ನೋಡಿ ತಿದ್ದುವಂತಿಲ್ಲ. ಮನೆಯಲ್ಲಿ ಇದ್ದವರೊಬ್ಬರು ಎಲ್ಲರ ಪರವಾಗಿಯೂ ಹೇಳಬಹುದು. ಹಾಗಾಗಿ ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಬಣ್ಣದ ಸಾಲಿಗೆ ಸೇರುವುದು ಅಲ್ಲಿ ಮಾಮೂಲು.

ನಮ್ಮಲ್ಲೂ ಮೈಬಣ್ಣಕ್ಕೆ ಪದಗಳಿವೆ. ಕಾಣೆಯಾದವರ ಪ್ರಕಟಣೆಯಲ್ಲಿ 'ಎಣ್ಣೆಗೆಂಪು ಮೈಬಣ್ಣ, ಕೋಲು ಮುಖ, ಸಾಧಾರಣ ಮೈಕಟ್ಟು' ಎಂದು ಓದಿರುತ್ತೀರಿ. ಅದು ಗುರುತು ಹಿಡಿಯಲು ಹೇಳುವ ಮಾತು. ಎಣ್ಣೆಗೆಂಪಿನವರು ಎಷ್ಟು ಕೋಟಿ ಎಂದು ಯಾರೂ ಎಣಿಸುವುದಿಲ್ಲ. ಬ್ರೆಜಿಲ್‌ನಲ್ಲಿ ಇದು ತಲೆಕೆಳಗು. ಪಾರ್ದು ಸರ್ಕಾರಿ ಕಾಗದದ ಮೇಲಿನ ಪದ. ಮನೆಯಲ್ಲಿ, ಬೀದಿಯಲ್ಲಿ ಜನ 'ಮೊರೇನು' ಎನ್ನುತ್ತಾರೆ, ಕಂದು ಮೈಯವರಿಗೆ ಅದು ಮೃದುವಾದ, ಪ್ರೀತಿಯ ಮಾತು. ಪಾರ್ದು ಎಂದರೆ ಕೆಲವರಿಗೆ ಸಿಟ್ಟೇ ಬರುತ್ತದೆ. 'ಪಾರ್ದು ಇರುವುದು ಕಾಗದ, ಮನುಷ್ಯ ಅಲ್ಲ' ಎನ್ನುತ್ತಾರೆ. ನಾವು ಶಾಲೆಯ ಪುಸ್ತಕಕ್ಕೆ ಬೈಂಡ್ ಹಾಕುತ್ತಿದ್ದ ಬ್ರೌನ್ ಪೇಪರ್ ಇದೆಯಲ್ಲ, ಅಂಥ ಕಾಗದಕ್ಕೆ ಅವರು ಕರೆಯುವುದು 'ಪಪೆಲ್ ಪಾರ್ದು' ಎಂದೇ. 'ರಾತ್ರಿ ಹೊತ್ತು ಬೆಕ್ಕುಗಳೆಲ್ಲ ಪಾರ್ದು' ಎಂಬ ಗಾದೆಯೂ ಪೋರ್ಚುಗೀಸಿನಲ್ಲಿದೆ. ಕತ್ತಲಲ್ಲಿ ಯಾವ ಬೆಕ್ಕಿನ ಬಣ್ಣ ಏನೆಂದು ಗೊತ್ತಾಗುವುದಿಲ್ಲ ಎಂದು ಅರ್ಥ. ಮಬ್ಬು, ಖಚಿತವಿಲ್ಲದ್ದು ಎಂಬ ಭಾವ ಈ ಪದದೊಳಗೆ ಮೊದಲಿನಿಂದಲೂ ಇದೆ.

ಪದ ಆ ನೆಲಕ್ಕೆ ಹಡಗಿನ ಜೊತೆಯಲ್ಲೇ ಬಂತು. 1500ರಲ್ಲಿ ಪೋರ್ಚುಗೀಸರು ದಡ ಸೇರಿದಾಗ ಪೆರು ವಾಜ್ ದಿ ಕಮಿನ್ಯಾ ಎಂಬ ಬರಹಗಾರ ತನ್ನ ರಾಜನಿಗೆ ಕಾಗದ ಬರೆದ. ಅಲ್ಲಿನ ಮೂಲನಿವಾಸಿಗಳನ್ನು ಅವನು ಪಾರ್ದು ಎಂದ, ಸ್ವಲ್ಪ ಕೆಂಪು ಛಾಯೆಯವರು ಎಂದ. ಆಮೇಲೆ ಮುನ್ನೂರು ವರ್ಷಕ್ಕೂ ಮೇಲ್ಪಟ್ಟು ಆಫ್ರಿಕಾದಿಂದ ಸುಮಾರು 48 ಲಕ್ಷ ಜನರನ್ನು ಗುಲಾಮರಾಗಿ ತಂದು ಅಲ್ಲಿ ಇಳಿಸಿದರು. ಅಮೆರಿಕ ಖಂಡಗಳ ಬೇರೆ ಯಾವ ದೇಶಕ್ಕೂ ಇಷ್ಟು ಜನರನ್ನು ತಂದಿರಲಿಲ್ಲ. ಪಾರ್ದು ಪದ ಈಗ ಅವರ ಮಕ್ಕಳು ಮೊಮ್ಮಕ್ಕಳ ಮೇಲೆ ಬಂದು ಕೂತಿತು.

ಮೊದಲ ಜನಗಣತಿ 1872ರಲ್ಲಿ ನಡೆಯಿತು. ಆಗಿನ್ನೂ ಗುಲಾಮಗಿರಿ ಇತ್ತು. ಸುಮಾರು 99 ಲಕ್ಷ ಜನರಲ್ಲಿ 15 ಲಕ್ಷ ಗುಲಾಮರು. ಆ ಗಣತಿಯಲ್ಲೂ ಪಾರ್ದುಗಳು ಬಿಳಿಯರಿಗಿಂತ ಕೂದಲೆಳೆಯಷ್ಟು ಹೆಚ್ಚಿದ್ದರು. ಎರಡೂ ಶೇ 38ರ ಆಸುಪಾಸು.

ಈ ಅಂಕಿ ಆಳುವವರಿಗೆ ನುಂಗಲಾರದ ತುತ್ತಾಯಿತು. 1888ರಲ್ಲಿ ಗುಲಾಮಗಿರಿ ರದ್ದಾಯಿತು, ಆದರೆ ಬಿಡುಗಡೆ ಆದವರಿಗೆ ಜಮೀನಿಲ್ಲ, ಶಾಲೆಯಿಲ್ಲ. ಯುರೋಪಿನಿಂದ ಬರುವವರಿಗೆ ಮಾತ್ರ ಸರ್ಕಾರವೇ ಹಡಗಿನ ಖರ್ಚು ಕೊಟ್ಟಿತು. 1890ರ ಒಂದು ಆದೇಶದ ಪ್ರಕಾರ ಏಷ್ಯಾ, ಆಫ್ರಿಕಾದವರು ಬರಬೇಕಾದರೆ ಸಂಸತ್ತಿನ ಅನುಮತಿ ಬೇಕಿತ್ತು. ದೇಶದ ಮೈಬಣ್ಣವನ್ನೇ ಬಿಳಿ ಮಾಡಬೇಕು ಎಂಬ ಹಟ ಅದು. 1911ರಲ್ಲಿ ಜುವಾಂವ್ ಬತಿಸ್ತಾ ದಿ ಲಸೆರ್ದಾ ಎಂಬ ವಿಜ್ಞಾನಿ ಲಂಡನ್ನಿನ ಒಂದು ಸಮ್ಮೇಳನಕ್ಕೆ ಬ್ರೆಜಿಲ್ ಪರವಾಗಿ ಹೋಗಿ, ಇನ್ನೊಂದು ನೂರು ವರ್ಷದಲ್ಲಿ ತಮ್ಮ ದೇಶದಲ್ಲಿ ಮಿಶ್ರರಕ್ತದವರು ಉಳಿಯುವುದಿಲ್ಲ ಎಂದರು. ಇದನ್ನು ಓದುವಾಗ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕೋಟಿಗಟ್ಟಲೆ ಜನರ ಇಲ್ಲವಾಗುವಿಕೆಯನ್ನು ಒಬ್ಬರು ಒಳ್ಳೆಯ ಸುದ್ದಿಯಂತೆ ಹೇಳಿ ಬಂದಿದ್ದರು. ನೂರು ವರ್ಷ ಕಳೆಯಿತು. 2010ರ ಗಣತಿಯಲ್ಲಿ ಬಿಳಿಯರ ಪಾಲು ಶೇ 47.7ಕ್ಕೆ ಇಳಿದಿತ್ತು.

ನಡುವೆ 1940ರ ಗಣತಿಯ ಕತೆ ಇದೆ. ಪಾರ್ದು ಪದದ ಅರ್ಥ ಹಿಡಿಯಲು ನನಗೆ ಅದಕ್ಕಿಂತ ಒಳ್ಳೆಯ ದಾರಿ ಕಂಡಿಲ್ಲ. ಆಗ ಫಾರಂನಲ್ಲಿ ಬಿಳಿ, ಕಪ್ಪು, ಹಳದಿ ಎಂದಷ್ಟೇ ಬರೆಯಬಹುದಿತ್ತು. ಈ ಮೂರರಲ್ಲಿ ಯಾವುದೂ ಅಲ್ಲ ಎಂದವರ ಮುಂದೆ ಗಣತಿಯವರು ಒಂದು ಅಡ್ಡಗೆರೆ ಎಳೆಯಬೇಕಿತ್ತು. ಆಮೇಲೆ ಕಚೇರಿಯಲ್ಲಿ ಆ ಅಡ್ಡಗೆರೆಗಳನ್ನು ಕೂಡಿಸಿ ಅದಕ್ಕೆ ಪಾರ್ದು ಎಂದು ಹೆಸರಿಟ್ಟರು. ದೇಶದ ಐದರಲ್ಲಿ ಒಂದು ಪಾಲಿಗೂ ಜಾಸ್ತಿ ಜನ ಹಾಗೆ ಬರೀ ಗೆರೆಯಾಗಿದ್ದರು.

ಸರ್ಕಾರದ ಆಯ್ಕೆ ಬಿಟ್ಟು ನಿಮ್ಮ ಮಾತಿನಲ್ಲೇ ಹೇಳಿ ಎಂದರೆ ಜನ ಏನೆನ್ನುತ್ತಾರೆ? 1976ರ ಸಮೀಕ್ಷೆಯೊಂದರಲ್ಲಿ ಹಾಗೆ ಕೇಳಿ ನೋಡಿದರು. 130ಕ್ಕೂ ಜಾಸ್ತಿ ಹೆಸರು ಬಂದವು. ಹಾಲು ಹಾಕಿದ ಕಾಫಿ, ದಾಲ್ಚಿನ್ನಿ, ಬಿಸಿಲಿಗೆ ಸುಟ್ಟಿದ್ದು, ಅಷ್ಟೇ ಏಕೆ, ನಮ್ಮ ಗೋಧಿ ಬಣ್ಣವೂ ಆ ಪಟ್ಟಿಯಲ್ಲಿದೆ.

ಇಲ್ಲಿ ಇನ್ನೊಂದು ಪದ ಗೊತ್ತಿರಬೇಕು: ನೆಗ್ರು. ಗಣತಿಯ ಐದು ಆಯ್ಕೆಗಳಲ್ಲಿ ಇದು ಇಲ್ಲ. ಪ್ರೆತು ಮತ್ತು ಪಾರ್ದು ಎರಡನ್ನೂ ಕೂಡಿಸಿದರೆ ನೆಗ್ರು. ಆದಾಯ, ಓದು, ಆಯಸ್ಸು ಯಾವುದನ್ನು ಅಳೆದರೂ ಇಬ್ಬರೂ ಹತ್ತಿರ ಹತ್ತಿರ ಇದ್ದಾರೆ, ಬಿಳಿಯರು ದೂರ ಇದ್ದಾರೆ. ಹಾಗಿರುವಾಗ ನಮ್ಮನ್ನು ಬೇರೆ ಮಾಡಬೇಡಿ ಎಂಬುದು ಕಪ್ಪು ಜನರ ಚಳವಳಿಯ ವಾದ. 1991ರ ಗಣತಿಗೆ ಮುಂಚೆ ಅವರು ಒಂದು ಪ್ರಚಾರ ನಡೆಸಿದರು: 'ನಿಮ್ಮ ಬಣ್ಣವನ್ನು ಬ್ರಾಂಕು ಆಗಲು ಬಿಡಬೇಡಿ.' ಪೋರ್ಚುಗೀಸಿನಲ್ಲಿ ಬ್ರಾಂಕು ಎಂದರೆ ಬಿಳಿ ಮಾತ್ರವಲ್ಲ, ಖಾಲಿ ಬಿಡುವುದೂ ಹೌದು. 2010ರ ಜನಾಂಗ ಸಮಾನತೆ ಕಾಯ್ದೆಯೂ ನೆಗ್ರು ಎಂದರೆ ಪ್ರೆತು, ಪಾರ್ದು ಇಬ್ಬರೂ ಎಂದೇ ಅರ್ಥ ಕೊಟ್ಟಿತು. ಆ ಲೆಕ್ಕದಲ್ಲಿ ಇವತ್ತು ಬ್ರೆಜಿಲ್‌ನ ಶೇ 55.5ರಷ್ಟು ಜನ ನೆಗ್ರು.

ಈಗ ಅಂಕಿಗಳ ಕಡೆ ಬರೋಣ. 2010ರಿಂದ 2022ರ ನಡುವೆ ದೇಶದ ಒಟ್ಟು ಜನಸಂಖ್ಯೆ ಏರಿದ್ದು ಸುಮಾರು ಶೇ 6.5. ಪಾರ್ದುಗಳು ಸುಮಾರು ಶೇ 12ರಷ್ಟು ಹೆಚ್ಚಿದರು. ಪ್ರೆತು ಎಂದವರು ಶೇ 42ರಷ್ಟು! ಹನ್ನೆರಡು ವರ್ಷದಲ್ಲಿ ಇಷ್ಟು ಮಕ್ಕಳು ಹುಟ್ಟಿದರು ಎಂದಲ್ಲ. ಮೊದಲು ಬಿಳಿ ಎಂದಿದ್ದವರು ಪಾರ್ದು ಎಂದರು, ಪಾರ್ದು ಎಂದಿದ್ದವರು ಪ್ರೆತು ಎಂದರು. ಕನ್ನಡಿಯಲ್ಲಿ ಕಂಡ ಮುಖ ಅದೇ, ಅದನ್ನು ಹೇಳಲು ಇದ್ದ ಅಂಜಿಕೆ ಕಡಿಮೆಯಾಯಿತು. ಜನಸಂಖ್ಯೆಯ ಅಂಕಿ ಓದುವಾಗ ಇದನ್ನು ಮರೆಯಬಾರದು. ಹಳದಿಯವರ ಲೆಕ್ಕ ಇನ್ನೂ ವಿಚಿತ್ರ. ಅವರು 20 ಲಕ್ಷದಿಂದ ಎಂಟೂವರೆ ಲಕ್ಷಕ್ಕೆ ಕುಸಿದರು. ಯಾರೂ ಎಲ್ಲೂ ಹೋಗಲಿಲ್ಲ. ಅಮರೆಲು ಎಂದವರನ್ನು ಈ ಸಲ 'ನಿಮ್ಮ ಮೂಲ ಏಷ್ಯಾವೇ?' ಎಂದು ಮತ್ತೊಮ್ಮೆ ಕೇಳಿದರು, ಅಷ್ಟೇ.

ದೇಶದ ಎಲ್ಲ ಕಡೆ ಒಂದೇ ರೀತಿ ಇಲ್ಲ. ಉತ್ತರದ ಪರಾ ರಾಜ್ಯದಲ್ಲಿ ಶೇ 70ರಷ್ಟು ಪಾರ್ದುಗಳು. ದಕ್ಷಿಣದ ರಿಯೊ ಗ್ರಾಂಡೆ ದೊ ಸುಲ್‌ನಲ್ಲಿ ಶೇ 78ರಷ್ಟು ಬಿಳಿಯರು. ಪ್ರೆತು ಪಾಲು ಅತಿ ಹೆಚ್ಚಿರುವುದು ಬಾಹಿಯಾದಲ್ಲಿ, ಶೇ 22.

ಈ ಶೇಕಡಾವಾರು ಸುಮ್ನೆ ಪುಸ್ತಕದಲ್ಲಿ ಉಳಿಯುವುದಿಲ್ಲ. 2012ರ ಮೀಸಲಾತಿ ಕಾಯ್ದೆ ಕೇಂದ್ರ ವಿಶ್ವವಿದ್ಯಾಲಯಗಳ ಅರ್ಧ ಸೀಟನ್ನು ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಇಟ್ಟಿತು. ಅದರೊಳಗೆ ಪ್ರೆತು, ಪಾರ್ದು, ಮೂಲನಿವಾಸಿಗಳಿಗೆ ಆಯಾ ರಾಜ್ಯದ ಗಣತಿಯ ಪಾಲಿನಂತೆ ಸೀಟು. ಆಗ ಕಷ್ಟದ ಪ್ರಶ್ನೆ ಎದ್ದಿತು. ಗಣತಿಯಲ್ಲಿ ಹೇಳಿದ್ದೇ ಉತ್ತರ ಸರಿ, ಸೀಟಿನ ವಿಷಯದಲ್ಲೂ ಹಾಗೆಯೇ ಬಿಡಬಹುದೇ? ಈಗ ಬಹಳ ಕಡೆ ಸಮಿತಿಗಳು ಅಭ್ಯರ್ಥಿಯ ಚರ್ಮ, ಕೂದಲು, ಮುಖದ ಲಕ್ಷಣ ನೋಡಿ ನಿರ್ಧರಿಸುತ್ತವೆ. ಅಜ್ಜಿ ಕಪ್ಪು ಇದ್ದರು ಎಂದರೆ ಸಾಲದು. ಈ ಕಾಯ್ದೆಗೂ ಮೊದಲೇ, 2007ರಲ್ಲಿ, ಬ್ರೆಸಿಲಿಯಾ ವಿಶ್ವವಿದ್ಯಾಲಯದಲ್ಲಿ ತದ್ರೂಪಿ ಅವಳಿ ಸೋದರರು ಮೀಸಲಾತಿಗೆ ಅರ್ಜಿ ಹಾಕಿದ್ದರು. ಫೋಟೊ ನೋಡಿದವರು ಒಬ್ಬನನ್ನು ನೆಗ್ರು ಎಂದು ಒಪ್ಪಿದರು, ಇನ್ನೊಬ್ಬನನ್ನು ಒಪ್ಪಲಿಲ್ಲ. ಸುದ್ದಿಯಾದ ಮೇಲೆ ಆ ನಿರ್ಧಾರ ಬದಲಾಯಿತು. ನನಗನ್ನಿಸುವಂತೆ ಮೀಸಲಾತಿ ಬೇಕೇ ಬೇಕು. ಆದರೆ ಗೆರೆಯ ಅಂಚಿನಲ್ಲಿ ನಿಂತ ಪಾರ್ದು ಹುಡುಗ ಹುಡುಗಿಯರು ಆ ಸಮಿತಿಯ ಮುಂದೆ ಕೂರುವ ಗಳಿಗೆ ತುಂಬಾ ಕಠಿಣ.

ಅಮೆಜಾನ್ ಕಡೆ ಪಾರ್ದು ಪದಕ್ಕೆ ಅರ್ಥವೇ ಬೇರೆ. ಅಲ್ಲಿ ಪಾರ್ದು ಎಂದು ಬರೆಸಿದ ಎಷ್ಟೋ ಮನೆಗಳಲ್ಲಿ ಮೂಲನಿವಾಸಿಗಳ ರಕ್ತವೇ ಹೆಚ್ಚು. 2022ರಲ್ಲಿ ಮೂಲನಿವಾಸಿಗಳು ವಾಸಿಸುವ ಜಾಗಗಳಲ್ಲಿ ಬಣ್ಣದ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟವರನ್ನು 'ನೀವು ಮೂಲನಿವಾಸಿ ಎಂದುಕೊಳ್ಳುತ್ತೀರಾ?' ಎಂದು ಇನ್ನೊಮ್ಮೆ ಕೇಳಿದರು. ಮೊದಲ ಪ್ರಶ್ನೆಯಲ್ಲೇ ಮೂಲನಿವಾಸಿ ಎಂದವರು ಸುಮಾರು 12 ಲಕ್ಷ. ಎರಡನೇ ಸಲ ಕೇಳಿದಾಗ 'ಹೌದು' ಎಂದವರು ಇನ್ನೂ ನಾಲ್ಕೂವರೆ ಲಕ್ಷಕ್ಕೂ ಜಾಸ್ತಿ.