ಮಿಶ್ರ ಭಿನ್ನರಾಶಿಗಳನ್ನು ಕಳೆಯುವಾಗ ಸಾಲ ಪಡೆದ ಒಂದು ಎಷ್ಟಾಗುತ್ತದೆ?

ಪ್ರಶ್ನೆ: 7 1/4ರಿಂದ 2 5/6 ಅನ್ನು ಕಳೆಯಬೇಕಿತ್ತು. ಛೇದಗಳನ್ನು ಸಮ ಮಾಡಿದಾಗ 7 3/12 ಮತ್ತು 2 10/12 ದೊರೆತವು. 3ರಿಂದ 10 ಅನ್ನು ಕಳೆಯಲು ಬಾರದ ಕಾರಣ ಪಕ್ಕದ 7ರಿಂದ ಒಂದನ್ನು ಸಾಲ ಪಡೆದು, 7 ಅನ್ನು 6 ಎಂದೂ 3 ಅನ್ನು 13 ಎಂದೂ ಬರೆದುಕೊಂಡೆ. ಉತ್ತರ 4 3/12, ಅಂದರೆ 4 1/4 ಬಂತು. ಪುಸ್ತಕದ ಕೊನೆಯಲ್ಲಿ ಕೊಟ್ಟಿರುವ ಉತ್ತರ 4 5/12. ನಾನು ತಪ್ಪಿದ್ದೆಲ್ಲಿ?

ಉತ್ತರ: ಛೇದಗಳನ್ನು ಸಮ ಮಾಡಿದ್ದು ಸರಿ, ಸಾಲ ಪಡೆಯಬೇಕೆಂದು ಗುರುತಿಸಿದ್ದು ಸರಿ, 7 ಅನ್ನು 6 ಮಾಡಿದ್ದೂ ಸರಿ. ತಪ್ಪಿರುವುದು 3 ಅನ್ನು 13 ಎಂದು ಬರೆದ ಆ ಒಂದು ಜಾಗದಲ್ಲಿ ಮಾತ್ರ. ಅಲ್ಲಿ 15 ಇರಬೇಕಿತ್ತು.

ಪೂರ್ಣಸಂಖ್ಯೆಗಳನ್ನು ಕಳೆಯುವ ಅಭ್ಯಾಸ ನಮ್ಮ ಕೈಗೆ ಎಷ್ಟು ಹತ್ತಿಹೋಗಿರುತ್ತದೆಯೆಂದರೆ, ಸಾಲ ಪಡೆದ ಕೂಡಲೇ ಅಂಕಿಯ ಎಡಗಡೆ ಒಂದು 1 ಅನ್ನು ಬರೆದುಬಿಡುತ್ತೇವೆ. 52ರಿಂದ 27 ಅನ್ನು ಕಳೆಯುವಾಗ 2 ಎಂಬುದು 12 ಆಗುವುದಕ್ಕೆ ಕಾರಣವಿದೆ: ಹತ್ತರ ಸ್ಥಾನದಿಂದ ತಂದ ಒಂದು ಬಿಡಿಸ್ಥಾನಕ್ಕೆ ಬಂದಾಗ ಹತ್ತು ಬಿಡಿಗಳಾಗುತ್ತದೆ. ಭಿನ್ನರಾಶಿಯ ಅಂಶದ ಜಾಗದಲ್ಲಿ ಎಣಿಕೆಯಾಗುತ್ತಿರುವುದು ಬಿಡಿಗಳಲ್ಲ. 3/12 ಎಂದಾಗ ಒಂದನ್ನು ಹನ್ನೆರಡು ಸಮಭಾಗ ಮಾಡಿ ಅವುಗಳಲ್ಲಿ ಮೂರನ್ನು ತೆಗೆದುಕೊಂಡಿದ್ದೇವೆ. ಹಾಗಾಗಿ 7ರಿಂದ ಬಿಡಿಸಿಕೊಂಡು ಬಂದ ಇಡೀ ಒಂದು ಇಲ್ಲಿ ಹನ್ನೆರಡು ಭಾಗಗಳಾಗಿ ಒಡೆಯುತ್ತದೆಯೇ ಹೊರತು ಹತ್ತಾಗಿ ಅಲ್ಲ. ಮೊದಲೇ ಇದ್ದ ಮೂರು ಭಾಗಗಳಿಗೆ ಈ ಹನ್ನೆರಡು ಸೇರಿದರೆ ಹದಿನೈದು. ಈಗ ಲೆಕ್ಕ 6 15/12 − 2 10/12 ಎಂದಾಗುತ್ತದೆ. 15ರಿಂದ 10 ಹೋದರೆ 5, 6ರಿಂದ 2 ಹೋದರೆ 4, ಉತ್ತರ 4 5/12. ನಿಮ್ಮ ಉತ್ತರಕ್ಕೂ ಪುಸ್ತಕದ ಉತ್ತರಕ್ಕೂ ಇರುವ ವ್ಯತ್ಯಾಸ ಸರಿಯಾಗಿ 2/12 ಆಗಿರುವುದನ್ನು ಗಮನಿಸಿ. ಹನ್ನೆರಡು ಸೇರಿಸಬೇಕಾದಲ್ಲಿ ಹತ್ತು ಸೇರಿಸಿದ್ದರಿಂದ ಉಳಿದುಹೋದ ಎರಡು ಭಾಗಗಳು ಅವೇ.

ಗಂಟೆ ನಿಮಿಷಗಳ ಲೆಕ್ಕದಲ್ಲಿ ಇದೇ ಕೆಲಸವನ್ನು ನಾವು ಯೋಚಿಸದೆಯೇ ಮಾಡುತ್ತೇವೆ. 4 ಗಂಟೆ 15 ನಿಮಿಷದಿಂದ 1 ಗಂಟೆ 40 ನಿಮಿಷವನ್ನು ಕಳೆಯಬೇಕಾದಾಗ, ಒಂದು ಗಂಟೆಯನ್ನು ಒಡೆದು 15ಕ್ಕೆ 60 ಸೇರಿಸಿ 75 ಮಾಡಿಕೊಂಡು, 2 ಗಂಟೆ 35 ನಿಮಿಷ ಎಂದು ಉತ್ತರ ಹೇಳುತ್ತೇವೆ. ಗಂಟೆಗೆ ಅರವತ್ತು ನಿಮಿಷವೆಂಬುದು ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿರುವುದರಿಂದ ಅಲ್ಲಿ ಯಾರೂ ಹತ್ತನ್ನು ಸೇರಿಸುವುದಿಲ್ಲ. ಮಿಶ್ರ ಭಿನ್ನರಾಶಿಯಲ್ಲಿ ಆ ಅರವತ್ತರ ಜಾಗದಲ್ಲಿ ನಿಲ್ಲುವುದು ಛೇದ, ಮತ್ತು ಅದು ಲೆಕ್ಕದಿಂದ ಲೆಕ್ಕಕ್ಕೆ ಬದಲಾಗುತ್ತದೆ. ಛೇದ 8 ಆದರೆ ಅಂಶಕ್ಕೆ 8 ಸೇರುತ್ತದೆ, 35 ಆದರೆ 35 ಸೇರುತ್ತದೆ. ಅಪರೂಪಕ್ಕೆ ಛೇದ 10 ಆಗಿರುವ ಲೆಕ್ಕ ಎದುರಾದಾಗ, ಉದಾಹರಣೆಗೆ 6 3/10 − 2 7/10ರಲ್ಲಿ, 3ರ ಎಡಗಡೆ 1 ಬರೆದರೂ 3 6/10 ಎಂಬ ಸರಿಯುತ್ತರವೇ ಬರುತ್ತದೆ. ತಪ್ಪು ಕ್ರಮಕ್ಕೆ ಇಂಥ ಲೆಕ್ಕ ಬೆಂಬಲ ಕೊಟ್ಟುಬಿಡುವುದರಿಂದ, ಕಲಿಕೆಯ ಆರಂಭದಲ್ಲಿ ಛೇದ 10 ಇರುವ ಲೆಕ್ಕಗಳನ್ನು ದೂರವಿಡುವುದೇ ಮೇಲೆಂದು ನನ್ನ ಅಭಿಪ್ರಾಯ.

ಇನ್ನೊಂದು ತಪ್ಪು ಇದಕ್ಕಿಂತಲೂ ಹೆಚ್ಚಾಗಿ ಕಾಣುತ್ತದೆ. 3/12ರಿಂದ 10/12 ಕಳೆಯಲು ಬಾರದೆಂದು ಕಂಡಾಗ ಕೆಲವರು ಸಾಲದ ಗೊಡವೆಗೇ ಹೋಗದೆ 10ರಿಂದ 3 ಅನ್ನು ಕಳೆದು, 5 7/12 ಎಂದು ಬರೆದು ಮುಗಿಸುತ್ತಾರೆ. ಇಲ್ಲಿ 7/12 ಎಂಬ ಪ್ರಮಾಣ ತಪ್ಪಲ್ಲ, ಅದರ ಚಿಹ್ನೆ ತಪ್ಪು. ಮಿಶ್ರ ಭಿನ್ನರಾಶಿಯಲ್ಲಿ ಪೂರ್ಣಸಂಖ್ಯೆಗೂ ಭಿನ್ನರಾಶಿಗೂ ನಡುವೆ ಬರೆಯದೇ ಬಿಟ್ಟ ಒಂದು ಸಂಕಲನ ಚಿಹ್ನೆ ಇದೆ. 7 3/12 ಎಂದರೆ 7 + 3/12. (ಬೀಜಗಣಿತದಲ್ಲಿ ಎರಡು ಪದಗಳನ್ನು ಒತ್ತಟ್ಟಿಗೆ ಬರೆದರೆ ಗುಣಾಕಾರವೆಂದು ಅರ್ಥವಾಗುವುದರಿಂದ ಮುಂದಿನ ತರಗತಿಗಳಲ್ಲಿ ಈ ಬರವಣಿಗೆ ಹಿಂದೆ ಸರಿಯುತ್ತದೆ, ಅದು ಬೇರೆ ಮಾತು.) ಆ ಚಿಹ್ನೆಯನ್ನು ಬಿಡಿಸಿ ಬರೆದರೆ ಲೆಕ್ಕ (7 + 3/12) − (2 + 10/12) ಎಂದಾಗುತ್ತದೆ, ಮತ್ತು ಕಳೆಯುವ ಚಿಹ್ನೆ ಎರಡನೆಯ ಆವರಣದ ಎರಡೂ ಪದಗಳಿಗೆ ಅನ್ವಯಿಸುತ್ತದೆ. ಪೂರ್ಣಭಾಗದಲ್ಲಿ 7 − 2 = 5 ಉಳಿಯುತ್ತದೆ; ಭಿನ್ನಭಾಗದಲ್ಲಿ 3/12 − 10/12, ಅಂದರೆ 7/12ರಷ್ಟು ಕೊರತೆ ಬೀಳುತ್ತದೆ. ಈ ಕೊರತೆಯನ್ನು 5ಕ್ಕೆ ಕೂಡಿಸದೆ 5ರಿಂದಲೇ ತುಂಬಿಕೊಟ್ಟರೆ 5 − 7/12 = 4 5/12 ಎಂಬ ಅದೇ ಉತ್ತರ ಸಿಗುತ್ತದೆ. ಋಣಸಂಖ್ಯೆಗಳ ಪರಿಚಯವಿರುವವರಿಗೆ ಸಾಲವನ್ನೇ ಪಡೆಯದ ಈ ದಾರಿ ಹೆಚ್ಚು ಸ್ವಚ್ಛವಾಗಿ ಕಾಣಬಹುದು.

ಸಾಲ ಬೇಕೋ ಬೇಡವೋ ಎಂಬುದನ್ನು ಛೇದ ಸಮ ಮಾಡಿದ ನಂತರವೇ ತೀರ್ಮಾನಿಸಬೇಕು. 9 2/5 − 4 3/8 ಎಂಬ ಲೆಕ್ಕದಲ್ಲಿ 2ಕ್ಕಿಂತ 3 ದೊಡ್ಡದೆಂದು ನೋಡಿ ತಕ್ಷಣ ಸಾಲಕ್ಕೆ ಕೈಹಾಕುವವರಿದ್ದಾರೆ. ಆದರೆ ಛೇದವನ್ನು 40 ಮಾಡಿದಾಗ 2/5 ಎಂಬುದು 16/40 ಆಗುತ್ತದೆ, 3/8 ಎಂಬುದು 15/40. ಸಾಲದ ಅಗತ್ಯವೇ ಬೀಳದೆ ಉತ್ತರ 5 1/40 ಬರುತ್ತದೆ. ಸಮಛೇದಕ್ಕೆ ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ, ಅಂದರೆ ಎರಡೂ ಛೇದಗಳಿಂದ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ತೆಗೆದುಕೊಂಡರೆ ಅಂಕಿಗಳು ಚಿಕ್ಕದಾಗಿರುತ್ತವೆ, ಅಷ್ಟೇ. 4 ಮತ್ತು 6ಕ್ಕೆ 12ರ ಬದಲು ಗುಣಲಬ್ಧವಾದ 24 ಅನ್ನೇ ಇಟ್ಟುಕೊಂಡರೂ 6 30/24 − 2 20/24 = 4 10/24 ಬಂದು, ಸಂಕ್ಷಿಪ್ತ ರೂಪದಲ್ಲಿ ಅದು 4 5/12 ಆಗುತ್ತದೆ. ಲ.ಸಾ.ಅ. ಬಳಸಿ ಛೇದಗಳನ್ನು ಸಮ ಮಾಡುವ ಕ್ರಮವನ್ನು 9ನೇ ಶತಮಾನದಲ್ಲೇ ಗಣಿತಜ್ಞ ಮಹಾವೀರಾಚಾರ್ಯರು ವಿವರಿಸಿದ್ದರು.

ಎರಡೂ ಸಂಖ್ಯೆಗಳನ್ನು ವಿಷಮ ಭಿನ್ನರಾಶಿಗಳಾಗಿ ಬದಲಿಸಿಕೊಂಡು ಕಳೆಯುವ ಕ್ರಮವನ್ನು ಹಲವರು ಬಲ್ಲರು: 29/4 − 17/6 = 87/12 − 34/12 = 53/12 = 4 5/12. ಇದರಲ್ಲಿ ಸಾಲದ ಪ್ರಶ್ನೆಯೇ ಏಳುವುದಿಲ್ಲವಾದ್ದರಿಂದ ಸಂಖ್ಯೆಗಳು ಚಿಕ್ಕದಿರುವಾಗ ಇದು ನೆಮ್ಮದಿಯ ದಾರಿ. ಆದರೆ 48 2/15 − 17 7/12 ಎಂಬಂಥ ಲೆಕ್ಕದಲ್ಲಿ ಈ ದಾರಿ 722/15, 211/12, ಅಲ್ಲಿಂದ 2888/60 − 1055/60 ಎಂದು ಬೆಳೆದು, 1833/60 ಅನ್ನು ಮತ್ತೆ ಭಾಗಿಸುವ ಹೊತ್ತಿಗೆ ಎಲ್ಲಾದರೂ ಒಂದು ಅಂಕಿ ಜಾರುವ ಸಂಭವ ಹೆಚ್ಚು. ಇದನ್ನೇ ಸಾಲದ ಕ್ರಮದಲ್ಲಿ 47 68/60 − 17 35/60 ಎಂದು ಬರೆದರೆ ಒಂದೇ ಸಾಲಿನಲ್ಲಿ 30 33/60, ಸಂಕ್ಷಿಪ್ತವಾಗಿ 30 11/20 ಸಿಗುತ್ತದೆ. ಪೂರ್ಣಭಾಗ ದೊಡ್ಡದಾದಷ್ಟೂ ವಿಷಮ ಭಿನ್ನರಾಶಿಯ ದಾರಿಯನ್ನು ಬಿಡುವುದು ಲೇಸು.

ಬಾಯಿಲೆಕ್ಕಕ್ಕೆ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ಕ್ರಮ ಇನ್ನೊಂದಿದೆ, ಆದರೆ ಅದು ಶಾಲೆಯ ಪುಸ್ತಕಗಳಲ್ಲಿ ಹೆಚ್ಚಾಗಿ ಕಾಣಸಿಗುವುದಿಲ್ಲ. ಎರಡು ಸಂಖ್ಯೆಗಳಿಗೂ ಒಂದೇ ಮೊತ್ತವನ್ನು ಕೂಡಿಸಿದರೆ ಅವುಗಳ ನಡುವಿನ ವ್ಯತ್ಯಾಸ ಬದಲಾಗುವುದಿಲ್ಲ ಎಂಬುದೇ ಇದರ ಆಧಾರ. ಕಳೆಯಬೇಕಾದ 2 5/6 ಎಂಬುದು 3 ಆಗಲು 1/6 ಸಾಕು. ಆ 1/6 ಅನ್ನು ಎರಡೂ ಕಡೆ ಕೂಡಿಸಿದರೆ ಒಂದು ಬದಿಯಲ್ಲಿ 3 ಆಗುತ್ತದೆ, ಇನ್ನೊಂದು ಬದಿಯಲ್ಲಿ 7 1/4 + 1/6 = 7 3/12 + 2/12 = 7 5/12 ಆಗುತ್ತದೆ. 7 5/12ರಿಂದ 3 ಅನ್ನು ಕಳೆಯಲು ಕಾಗದವೂ ಬೇಕಿಲ್ಲ. ಕಳೆಯಬೇಕಾದ ಸಂಖ್ಯೆಯ ಭಿನ್ನಭಾಗ 5/6, 7/8, 11/12ರಂತೆ ಒಂದಕ್ಕೆ ಹತ್ತಿರವಿದ್ದಾಗ ಈ ಕ್ರಮಕ್ಕೆ ಸಾಟಿಯಿಲ್ಲ.

ಪೂರ್ಣಸಂಖ್ಯೆಯಿಂದ ಮಿಶ್ರ ಭಿನ್ನರಾಶಿಯನ್ನು ಕಳೆಯುವಾಗಲೂ ನಿಯಮ ಇದೇ ಆದರೂ, ಮೇಲೆ ಭಿನ್ನಭಾಗವೇ ಕಾಣದಿರುವುದು ಕೆಲವರನ್ನು ದಾರಿ ತಪ್ಪಿಸುತ್ತದೆ. 6 − 2 3/8 ಎಂಬಲ್ಲಿ 3/8 ಅನ್ನು ಹಾಗೆಯೇ ಇಳಿಸಿ 4 3/8 ಎಂದು ಬರೆದರೆ, ಕಳೆಯಬೇಕಾದ 3/8 ಅನ್ನು ಕೂಡಿಸಿದಂತಾಗುತ್ತದೆ. 6 ಅನ್ನು 5 8/8 ಎಂದು ಬಿಡಿಸಿಕೊಂಡರೆ ಉತ್ತರ 3 5/8 ಎಂಬುದು ಸ್ಪಷ್ಟವಾಗುತ್ತದೆ.

ಉತ್ತರ ಸರಿಯಿದೆಯೇ ಎಂದು ನೋಡಲು ಅಂದಾಜು ಒಂದೇ ಸಾಲದು. 7ಕ್ಕಿಂತ ತುಸು ಹೆಚ್ಚಿರುವ ಸಂಖ್ಯೆಯಿಂದ 3ಕ್ಕೆ ತುಸು ಕಡಿಮೆಯಿರುವ ಸಂಖ್ಯೆ ಹೋದರೆ 4ರ ಮೇಲೆ ಸ್ವಲ್ಪ ಉಳಿಯಬೇಕು ಎಂಬ ಅಂದಾಜು 5 7/12 ಅನ್ನು ತಳ್ಳಿಹಾಕುತ್ತದೆ, ಆದರೆ ನಿಮ್ಮ 4 1/4 ಅನ್ನು ಒಪ್ಪಿಕೊಂಡುಬಿಡುತ್ತದೆ. ಅದನ್ನು ಹಿಡಿಯಲು ಕೂಡಿಯೇ ನೋಡಬೇಕು. 4 3/12ಕ್ಕೆ 2 10/12 ಅನ್ನು ಕೂಡಿದರೆ 6 13/12, ಅಂದರೆ 7 1/12 ಬರುತ್ತದೆ. ನಾವು ಹೊರಟದ್ದು 7 3/12ರಿಂದ. 4 5/12ಕ್ಕೆ ಅದನ್ನೇ ಕೂಡಿದರೆ 6 15/12 ಬಂದು, ಹೊರಟ ಸಂಖ್ಯೆಗೇ ಸರಿಯಾಗಿ ಮುಟ್ಟುತ್ತದೆ.

ಚಿಕ್ಕ ಸಂಖ್ಯೆಯಿಂದ ದೊಡ್ಡದನ್ನು ಕಳೆಯುವ 2 5/6 − 7 1/4ರಂಥ ಲೆಕ್ಕ ಬಂದರೆ, ಸಾಲದ ಪ್ರಯತ್ನಕ್ಕೆ ಹೋಗದೆ ದೊಡ್ಡದರಿಂದ ಚಿಕ್ಕದನ್ನು ಕಳೆದು ಉತ್ತರದ ಮುಂದೆ ಋಣ ಚಿಹ್ನೆಯನ್ನು ಇಡಬೇಕು. ಆಗ ಬರುವ −4 5/12 ಎಂಬುದರಲ್ಲಿ ಆ ಚಿಹ್ನೆ ಇಡೀ ಮಿಶ್ರ ಭಿನ್ನರಾಶಿಗೆ ಸೇರಿದ್ದು. ಅದನ್ನು −4 − 5/12 ಎಂದು ಬಿಡಿಸಬೇಕೇ ಹೊರತು −4 + 5/12 ಎಂದಲ್ಲ. ಹಾಗೆ ಬಿಡಿಸಿದರೆ −3 7/12 ಎಂಬ ಬೇರೆಯೇ ಸಂಖ್ಯೆ ಬರುತ್ತದೆ.